ನೀರಗಂಟಿಯ ದೋಷ

"ನಿಮ್ಮಲ್ಲಿರುವ ಒಂದು ದೋಷ ಹೇಳಿ ಎಂದು ಸಂದರ್ಶನದಲ್ಲಿ ಕೇಳಿದರೆ ಏನು ಹೇಳಬೇಕು, ಗುರುಗಳೇ?"

ಕೇಳಿದ ಶಿಷ್ಯನಿಗೆ ಮರುದಿನ ಒಂದು ಕೆಲಸದ ಸಂದರ್ಶನವಿತ್ತು. ಇಡೀ ವಾರ ಕೋಣೆಯ ಬಾಗಿಲು ಹಾಕಿಕೊಂಡು ಸಿದ್ಧತೆ ನಡೆಸಿದ್ದ. ಕನ್ನಡಿಯ ಮುಂದೆ ಕುಳಿತು ಎಷ್ಟು ನಗಬೇಕೆಂಬುದನ್ನೂ ಅಭ್ಯಾಸ ಮಾಡಿದ್ದ.

"ನೀನು ಏನು ಹೇಳಬೇಕೆಂದಿದ್ದೀಯ?" ಎಂದರು ಗುರುಗಳು.

"ಕೆಲಸ ಹಿಡಿದರೆ ನನಗೆ ಹೊತ್ತುಗೊತ್ತು ತಿಳಿಯುವುದಿಲ್ಲ, ಅದೇ ನನ್ನ ದೋಷ ಎನ್ನಬೇಕಂತೆ. ಎಲ್ಲರೂ ಹಾಗೆಯೇ ಹೇಳುತ್ತಾರಂತೆ."

ಅದು ನಿಜವೇ ಎಂದು ಗುರುಗಳು ಕೇಳಲಿಲ್ಲ. ಅವನು ಬೆಳಗಿನ ಪಾಠಕ್ಕೆ ಎಷ್ಟು ಹೊತ್ತಿಗೆ ಬರುತ್ತಾನೆಂದು ಅವರಿಗೆ ಗೊತ್ತಿತ್ತು. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ರೈತ ಎನ್ನುವುದು ಹಳೆಯ ರೂಢಿಯಿಂದ. ಅವನಿಗೆ ಈಗ ಹೊಲವಿರಲಿಲ್ಲ. ಹೇಗೆ ಹೋಯಿತು ಎಂದು ಯಾರಾದರೂ ಕೇಳಿದರೆ ಕಾಲ ಸರಿಯಿರಲಿಲ್ಲ ಎನ್ನುತ್ತಿದ್ದ. ಹಾಗೆಂದು ನಂಬಿಯೂ ಇದ್ದ. ಹೆಂಡತಿಯನ್ನೂ ಚಿಕ್ಕ ಮಗಳನ್ನೂ ಕಟ್ಟಿಕೊಂಡು ಹೆಂಡತಿಯ ಅಣ್ಣನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ದಿನ ನೂಕುತ್ತಿದ್ದ. ಆ ಮನೆಯವರು ಕೆಟ್ಟವರಲ್ಲ. ಮಗು ಎರಡನೆಯ ಸಲ ಮುದ್ದೆ ಕೇಳಿದರೆ ಅಣ್ಣನ ಹೆಂಡತಿ ಕೊಡುತ್ತಿದ್ದಳು; ಕೊಡುವ ಮುಂಚೆ ಒಮ್ಮೆ ಪಾತ್ರೆಯ ತಳ ನೋಡುತ್ತಿದ್ದಳು, ಅಷ್ಟೆ. ಈಚೆಗೆ ಮಗು ಎರಡನೆಯ ಸಲ ಕೇಳುವುದನ್ನು ಬಿಟ್ಟಿತ್ತು. ಹಂಗಿನರಮನೆಗಿಂತ ಗುಡಿಸಲೇ ಮೇಲು ಎಂಬ ಗಾದೆಯಿದೆ. ಆ ಗಾದೆ ಕಟ್ಟಿದವನಿಗೆ ಗುಡಿಸಲಾದರೂ ಇತ್ತು.

ಹೀಗಿರುವಾಗ ಪಕ್ಕದ ಸೀಮೆಯ ಒಂದು ಊರಿನಲ್ಲಿ ನೀರಗಂಟಿ ತೀರಿಕೊಂಡ ಸುದ್ದಿ ಬಂತು. ನೀರಗಂಟಿ ಎಂದರೆ ಕೆರೆಯ ತೂಬು ತೆಗೆದು ಮುಚ್ಚುವವನು. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂಬುದು ಅವನ ಕೈಯಲ್ಲಿ. ವರ್ಷಕ್ಕಾಗುವಷ್ಟು ಕಾಳು, ಕೆರೆಯ ಏರಿಯ ಕೆಳಗೊಂದು ಮನೆ. ರೈತನಿಗೆ ಕಾಳಿಗಿಂತ ಮನೆಯೇ ಕಣ್ಣ ಮುಂದೆ ಬಂತು. ಅಲ್ಲಿ ಪಾತ್ರೆಯ ತಳ ನೋಡುವವರು ತಾವೇ ಆಗಿರುತ್ತಾರೆ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಕೇಳಲು ಬಂದವನನ್ನು ಅವರು ಮಾತಾಡಿಸುತ್ತಿರಲಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವವರ ಮಾತು ಕೇಳಿ ಅವರಿಗೆ ಸಾಕಾಗಿತ್ತು. ಬಂದವನು ಚಾವಡಿಯ ಹೊರಗೆ ಗೋಡೆಯ ಮಗ್ಗುಲಲ್ಲಿ ನಿಲ್ಲಬೇಕು. ಅವನ ಜೊತೆ ಬಂದವರನ್ನು ಒಳಗೆ ಕರೆದು ಅವನ ದೋಷವೇನು ಎಂದು ಕೇಳುತ್ತಿದ್ದರು. ಊರಿನವರು ಬಹಳ ಜಾಣತನದ ಪದ್ಧತಿ ಎಂದುಕೊಂಡಿದ್ದರು. ಹೊಗಳುವ ಕೆಲಸ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಿತ್ತು, ಬೇರೇನೂ ಆಗಿರಲಿಲ್ಲ.

ರೈತ ಹೆಂಡತಿಯನ್ನು ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ಅವಳಿಗೆ ಪಾಠ.

"ನೀರಿನ ವಿಷಯ ಬಂದರೆ ಹೆತ್ತ ತಾಯಿಯ ಮುಖವನ್ನೂ ನೋಡದಷ್ಟು ಕಟ್ಟುನಿಟ್ಟು, ಅದೇ ಅವರ ದೋಷ ಅನ್ನಬೇಕು. ಎಲ್ಲಿ, ಹೇಳು."

ಅವಳು ಹೇಳಿದಳು.

"ಹಾಗಲ್ಲ. ಸ್ವಲ್ಪ ಬೇಸರದಿಂದ ಹೇಳು. ನನ್ನ ಕಟ್ಟುನಿಟ್ಟಿನಿಂದ ನೀನೂ ನೊಂದಿದ್ದೀಯ ಅನ್ನಿಸಬೇಕು."

"ಹೇಳುವಾಗ ನಗು ಬಂದರೆ?"

"ತಲೆ ತಗ್ಗಿಸು. ಅಳುತ್ತಿದ್ದೀಯ ಅಂದುಕೊಳ್ಳುತ್ತಾರೆ."

ಊರು ಹತ್ತಿರವಾದಾಗ ಏರಿಯ ಮೇಲಿನಿಂದ ಕೆರೆ ಕಾಣಿಸಿತು. ಕೆಳಗೆ ಗದ್ದೆಗಳು, ಗದ್ದೆಗಳಾಚೆ ಮನೆಗಳು. ಅವಳು ಅಲ್ಲಿ ತುಸು ಹೊತ್ತು ನಿಂತಳು. ರೈತ ಏರಿಯ ಕೆಳಗಿನ ಖಾಲಿ ಮನೆಯನ್ನು ನೋಡುತ್ತಿದ್ದ.

ಚಾವಡಿಯ ಮುಂದೆ ಬೇರೆಯವರೂ ಇದ್ದರು. ಗೋಡೆಯ ಆಚೆಯಿಂದ ಮಾತು ಚೆನ್ನಾಗಿ ಕೇಳುತ್ತಿತ್ತು. ಒಬ್ಬನ ತಮ್ಮ ಹೇಳಿದ: ಅಣ್ಣನಿಗೆ ದುಡಿಮೆಯ ಹುಚ್ಚು, ಊಟ ಮರೆಯುತ್ತಾನೆ. ಇನ್ನೊಬ್ಬನ ಮಾವ ಹೇಳಿದ: ಅಳಿಯ ಸತ್ಯ ಬಿಟ್ಟು ಇನ್ನೊಂದು ಆಡುವುದಿಲ್ಲ, ಹಾಗಾಗಿ ನಾಲ್ಕು ಜನರಿಗೆ ಬೇಡವಾಗಿದ್ದಾನೆ. ನಮ್ಮದೇ ಇವಕ್ಕಿಂತ ವಾಸಿ ಎಂದು ರೈತ ಸಮಾಧಾನಪಟ್ಟುಕೊಂಡ.

ಅವಳ ಸರದಿ ಬಂತು. ಹಿರಿಯರಲ್ಲಿ ಒಬ್ಬ ತೂಕಡಿಸುತ್ತಿದ್ದ. ಯಜಮಾನ ಕೇಳಿದ, "ನಿನ್ನ ಗಂಡನ ದೋಷ ಏನವ್ವ?"

ಹೊರಗೆ ರೈತನ ತುಟಿಗಳು ತಾವಾಗಿ ಅಲುಗತೊಡಗಿದವು, ಮಗು ಪದ್ಯ ಒಪ್ಪಿಸುವಾಗ ತಂದೆಯ ತುಟಿ ಅಲುಗುವಂತೆ.

"ಅವರಿಗೆ ಇಲ್ಲ ಅನ್ನಲು ಬರುವುದಿಲ್ಲ," ಎಂದಳು ಅವಳು.

ಮರೆತಿದ್ದಾಳೆ ಎಂದುಕೊಂಡ ರೈತ. ಅವಳು ಮುಂದುವರಿಸಿದಳು.

"ಒಂದು ಸಲ ಕೇಳಿದರೆ ಯೋಚಿಸುತ್ತಾರೆ. ಇನ್ನೊಂದು ಸಲ ಕೇಳಿದರೆ ಕೊಟ್ಟುಬಿಡುತ್ತಾರೆ. ಬಿತ್ತನೆಯ ಹದದಲ್ಲಿ ನಮ್ಮ ಎತ್ತುಗಳು ಊರಿನವರ ಹೊಲಗಳಲ್ಲಿರುತ್ತಿದ್ದವು. ಬಿತ್ತನೆಯ ರಾಗಿಯೂ ಹಾಗೆಯೇ ಹೋಯಿತು. ನಾವು ಬಿತ್ತುವ ಹೊತ್ತಿಗೆ ಹದ ಹೋಗಿರುತ್ತಿತ್ತು. ಹೊಲ ಹೋಗಿದ್ದು ಹೀಗೆ. ಅವರು ಕಾಲ ಅನ್ನುತ್ತಾರೆ."

"ಅಂಥವನ ಕೈಗೆ ತೂಬು ಕೊಟ್ಟರೆ ಕಾಲುವೆಯ ತುದಿಯವರು ಮಣ್ಣು ತಿನ್ನಬೇಕಾಗುತ್ತದೆ," ಎಂದ ಯಜಮಾನ.

"ಹೌದು. ಬೇರೆ ಏನೋ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಿಮ್ಮ ಕೆರೆಯ ಕೆಳಗೆ ಎಷ್ಟೊಂದು ಮನೆಗಳಿವೆ. ನೋಡಿದ ಮೇಲೆ ಹೇಳಲು ಆಗಲಿಲ್ಲ."

ರೈತನಿಗೆ ಅಲ್ಲಿಂದ ಹೊರಟುಹೋಗಬೇಕೆನ್ನಿಸಿತು. ಹೋಗದೆ ಅಲ್ಲೇ ಕುಳಿತುಬಿಟ್ಟ.

"ಕೆಲಸ ಬಲ್ಲನೇ?" ಎಂದ ಯಜಮಾನ.

"ನೀರಿನ ಕೆಲಸ ಬಲ್ಲರು. ಬದುವಿನ ಮೇಲೆ ಕಾಲಿಟ್ಟರೆ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತಾರೆ. ಜನರನ್ನು ಮಾತ್ರ ತಿಳಿಯರು."

"ಈಗಲೂ ಜನ ಬಂದು ಅದು ಕೊಡು ಇದು ಕೊಡು ಅನ್ನುತ್ತಾರೋ?"

"ಬರುತ್ತಾರೆ. ಅಣ್ಣನ ಮನೆಗೆ ಬಂದಾಗಿನಿಂದ ಬಾಗಿಲಿಗೆ ನಾನು ಹೋಗುತ್ತೇನೆ. ಇಲ್ಲ ಅಂದು ಕಳಿಸುತ್ತೇನೆ. ಅವರಿಗೆ ಗೊತ್ತಿಲ್ಲ. ಬಡವನ ಮನೆಗೆ ಯಾರು ಬರುತ್ತಾರೆ ಎಂದು ಕೊರಗುತ್ತಿರುತ್ತಾರೆ."

"ಹೇಳಬಾರದಿತ್ತೇ?"

"ಹೇಳಿದ್ದರೆ ಓಡಿಹೋಗಿ ವಾಪಸ್ ಕರೆದುಕೊಂಡು ಬರುತ್ತಿದ್ದರು."

ತೂಕಡಿಸುತ್ತಿದ್ದ ಹಿರಿಯ ನಕ್ಕ. ಅವನು ಎಚ್ಚರಗೊಂಡಿದ್ದು ಯಾರಿಗೂ ತಿಳಿದಿರಲಿಲ್ಲ.

ಯಜಮಾನ ತನ್ನವರ ಮುಖ ನೋಡಿದ. ಆಮೇಲೆ ಅವಳಿಗೆ ಹೇಳಿದ, "ಬೆಳಗಿನಿಂದ ಬಂದವರಲ್ಲಿ ಒಬ್ಬನಿಗೂ ದೋಷವಿಲ್ಲ. ಅವರ ದೋಷ ನಮಗೆ ತಿಳಿಯುವುದು ಗದ್ದೆ ಒಣಗಿದ ಮೇಲೆ. ನಿನ್ನ ಗಂಡನದು ಇವತ್ತೇ ತಿಳಿಯಿತು, ಅದಕ್ಕೆ ಕಾವಲೂ ಇದೆ. ತೂಬಿನ ಕೆಲಸ ಅವನು ಮಾಡಲಿ. ನೀರು ಕೇಳಲು ಬಂದವರು ನಿನ್ನ ಹತ್ತಿರ ಬರಲಿ. ಕೆಲಸ ಇಬ್ಬರದು. ಒಪ್ಪಿಗೆಯಾದರೆ ಏರಿಯ ಕೆಳಗಿನ ಮನೆ ಗುಡಿಸಿಕೊಳ್ಳಿ."

ಅವಳು ಹೊರಗೆ ಬಂದಳು. ಗಂಡ ಬೈಯುತ್ತಾನೆ ಎಂದು ಎಣಿಸಿದ್ದಳು. ಬೈದರೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಅವನು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವಳನ್ನು ನೋಡಿ ಎದ್ದ. ಮಗಳನ್ನು ಕರೆತರಲು ಇಬ್ಬರೂ ಬಂದ ದಾರಿಯಲ್ಲೇ ನಡೆದರು.

ಏರಿ ದಾಟಿದ ಮೇಲೆ ಅವನು ಕೇಳಿದ, "ನನ್ನನ್ನು ಕೇಳಿಕೊಂಡು ಯಾರ್ಯಾರು ಬಂದಿದ್ದರು?"

ಅವಳು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಳು. ಅವನು ಒಬ್ಬನ ಮಗಳ ಮದುವೆಯಾಯಿತೇ ಎಂದು ಕೇಳಿದ, ಇನ್ನೊಬ್ಬನ ಕೆಮ್ಮು ಹೇಗಿದೆ ಎಂದು ಕೇಳಿದ. ಒಂದು ಹೆಸರು ಬಂದಾಗ ದಾರಿಯಲ್ಲೇ ನಿಂತುಬಿಟ್ಟ.

"ಅವನಿಗೂ ಇಲ್ಲ ಅಂದೆಯಾ?"

"ಅವನಿಗೆ ಎರಡು ಸಲ ಅಂದೆ."

ಅವನು ಕಣ್ಣೊರೆಸಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಅವಳಿಗೂ ತಿಳಿಯಲಿಲ್ಲ. ಜನ ತನ್ನನ್ನು ಮರೆತಿದ್ದಾರೆ ಎಂದುಕೊಂಡು ಅವನು ಅಷ್ಟು ದಿನ ಬದುಕಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಕತೆಯಿಂದ ನಾಳೆಗೆ ಏನು ಸಿಕ್ಕಿತು ಎಂಬುದೇ ಅವನ ಲೆಕ್ಕ. "ಹಾಗಾದರೆ ನನ್ನ ದೋಷವನ್ನು ಇದ್ದ ಹಾಗೆಯೇ ಹೇಳಿಬಿಡಬೇಕು, ಅಲ್ಲವೇ?" ಎಂದ.

"ಹೇಳಬಹುದು," ಎಂದರು ಗುರುಗಳು. "ಅದು ಏನೆಂದು ಯಾರನ್ನು ಕೇಳುತ್ತೀಯ?"