ಪರವೂರಿನ ಕೋಳಿ

“ಗುರುಗಳೇ, ನನ್ನ ಊರು ಯಾವುದು?”

ಮರುಳಯ್ಯ ಇದನ್ನು ಕೇಳುವ ಹೊತ್ತಿಗೆ ಅವನ ಗಂಟು ಕಟ್ಟಿ ಮುಗಿದಿತ್ತು. ಪಂಚೆ, ಕಂಬಳಿ, ಒಂದು ತಂಬಿಗೆ, ಅಷ್ಟೇ. ನದಿಯ ದಡದ ಆ ಚಿಕ್ಕ ಮಠಕ್ಕೆ ಅವನು ಬಂದು ವರ್ಷವೂ ತುಂಬಿರಲಿಲ್ಲ. ಬೆಳಿಗ್ಗೆ ಊರಿನ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುವುದು ಅವನ ಕೆಲಸ. ಅಂದು ಮಕ್ಕಳು ‘ತ’ ಕಲಿತು ಮನೆಗೆ ಹೋಗಿದ್ದರು. ನಾಳೆ ತಾನು ಇರುವುದಿಲ್ಲ ಎಂದು ಅವರಿಗೆ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಗುರುಗಳು ಗಂಟನ್ನು ನೋಡಿದರು. “ಯಾರು ಏನೆಂದರು?”

“ಯಾರೂ ಬೈಯಲಿಲ್ಲ. ನದಿಯ ಆಚೆಯವರು ನನ್ನನ್ನು ಮೈಸೂರು ಸೀಮೆಯವನು ಎನ್ನುತ್ತಾರೆ. ಈಚೆಯವರು ಧಾರವಾಡದ ಕಡೆಯವನು ಎನ್ನುತ್ತಾರೆ. ಧಾರವಾಡಕ್ಕೆ ಹೋದರೆ, ಕರಾವಳಿಯವನಿರಬೇಕು ಎಂದರು. ಅಪ್ಪ ಅವ್ವ ಸುಗ್ಗಿಯ ಬೆನ್ನು ಹತ್ತಿ ಊರೂರು ತಿರುಗಿದವರು. ನಾನು ಯಾವ ಹೊಲದ ಬದುವಿನಲ್ಲಿ ಹುಟ್ಟಿದೆನೆಂದು ಹೇಳುವ ಮೊದಲೇ ಹೋಗಿಬಿಟ್ಟರು. ನನ್ನದು ಎನ್ನುವ ಊರು ಎಲ್ಲಾದರೂ ಇರಲೇಬೇಕಲ್ಲ. ಅದನ್ನು ಹುಡುಕುತ್ತೇನೆ.”

“ಇದಕ್ಕೆ ಮುಂಚೆಯೂ ಹುಡುಕಲು ಹೊರಟಿದ್ದೆಯಲ್ಲವೇ?”

“ಹೌದು. ಆ ಊರುಗಳಲ್ಲೂ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅರ್ಧಕ್ಕೆ ಬಿಟ್ಟು ಬಂದೆ.” ಅರ್ಧಕ್ಕೆ ಎನ್ನುವಾಗ ಮರುಳಯ್ಯನ ದನಿ ಸಣ್ಣದಾಯಿತು.

“ಸರಿ, ಕೂತುಕೋ. ಹೊರಟವನನ್ನು ತಡೆಯುವುದಿಲ್ಲ. ಒಂದು ಕೋಳಿಯ ಕತೆ ಕೇಳಿ ಹೋಗು” ಎಂದು ಗುರುಗಳು ಹೇಳತೊಡಗಿದರು.

ಇಂಗ್ಲೆಂಡಿನ ಕಡಲತೀರದಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ತಂಗಿದ್ದ ಒಬ್ಬ ವ್ಯಾಪಾರಿ ಜ್ವರ ಬಂದು ಮಲಗಿದ. ಸಾಯುವ ಮುನ್ನ ಒಂದು ಜೋಡಿ ಕೋಳಿಯನ್ನು ರೈತನ ಕೈಗೊಪ್ಪಿಸಿ, “ಪಾಪ, ಇವನ್ನು ಇವುಗಳ ಊರಿಗೆ ಮುಟ್ಟಿಸಪ್ಪ” ಎಂದ. ರೈತ ಆಗಲಿ ಎಂದು ಮಾತು ಕೊಟ್ಟ. ಯಾವ ಊರು ಎಂದು ಹೇಳುವಷ್ಟು ಉಸಿರು ವ್ಯಾಪಾರಿಯಲ್ಲಿ ಉಳಿದಿರಲಿಲ್ಲ.

ಆಳೆತ್ತರವಲ್ಲದಿದ್ದರೂ ಮೊಣಕಾಲು ದಾಟುವ ಕೋಳಿ. ತಲೆ ಬೋಳು, ಕೊರಳಲ್ಲಿ ಕೆಂಪು ಜೋಲು. ರೈತ ಅಂಥದನ್ನು ಸಾಕಿದವನಲ್ಲ. ಸಂತೆಯವರನ್ನು ಕೇಳಿದ. “ಇದು ಟರ್ಕಿ. ಹೆಸರೇ ಹೇಳುತ್ತದಲ್ಲ, ಟರ್ಕಿ ದೇಶದ್ದು” ಎಂದರು. ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಅವನದಲ್ಲ. ಹೊಲವನ್ನು ತಮ್ಮನಿಗೆ ವಹಿಸಿ, ಕೋಳಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹಡಗು ಹತ್ತಿದ.

ಟರ್ಕಿಯವರು ನಕ್ಕುಬಿಟ್ಟರು. “ನಮ್ಮದೇ? ನಾವು ಇದನ್ನು ಹಿಂದಿ ಎನ್ನುತ್ತೇವೆ. ಹಿಂದೂಸ್ಥಾನದ್ದು” ಎಂದರು. ಬಂದರಿನಲ್ಲಿದ್ದ ಫ್ರಾನ್ಸಿನ ನಾವಿಕನೂ ತಲೆದೂಗಿದ. ಅವರ ಮಾತಿನಲ್ಲಿ ಅದು ‘ದ್ಯಾಂದ್’, ಎಂದರೆ ಇಂಡಿಯಾದ್ದು. ಇಬ್ಬರೂ ಒಂದೇ ದೇಶ ಹೇಳಿದ್ದು ಕೇಳಿ ರೈತನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಇಂಡಿಯಾ ಎಂದರೆ ಅಂಗೈಯಗಲದ ಊರೇ? ಎಲ್ಲಿ ಎಂದು ಹುಡುಕುವುದು? ಆಗ ಡಚ್ಚರ ಕಪ್ತಾನನೊಬ್ಬ ಮುಂದೆ ಬಂದ. “ಊರಿನ ಹೆಸರು ಬೇಕೇ? ನಾವು ಇದನ್ನು ಕಲ್ಕೂನ್ ಎನ್ನುತ್ತೇವೆ. ಕಲ್ಲಿಕೋಟೆಯ ಕೋಳಿ. ನನ್ನ ಹಡಗು ಅಲ್ಲಿಗೇ ಹೊರಟಿದೆ, ಹತ್ತು” ಎಂದ.

ಅಷ್ಟರಲ್ಲಿ ಹೇಂಟೆ ಬಂದರಿನ ಹಗ್ಗದ ಸುರುಳಿಯೊಳಗೆ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ರೈತ ಅದನ್ನು ಎಬ್ಬಿಸಿ ಬುಟ್ಟಿಗೆ ಹಾಕಿದ. “ಇದು ನಿನ್ನ ಊರಲ್ಲ ಕಣೇ” ಎಂದ. ಮೊಟ್ಟೆಗಳು ಅಲ್ಲೇ ತಣ್ಣಗಾದವು. ಮುಂದೆ ಹಡಗು ತಂಗಿದ ಕಡೆಯೆಲ್ಲ ಇದೇ ಕತೆ. ಹೇಂಟೆ ಕೂರುವುದು, ರೈತ ಎಬ್ಬಿಸುವುದು. ಅವನೇನು ಕೆಟ್ಟವನಲ್ಲ. ಒಳ್ಳೆಯ ಮನಸ್ಸಿನಿಂದಲೇ ಎಬ್ಬಿಸುತ್ತಿದ್ದ.

ಮರುಳಯ್ಯನಿಗೆ ತಾನು ಬಿಟ್ಟು ಬಂದ ಊರುಗಳ ಮರಳು ಹಾಸು ನೆನಪಾಯಿತು. ಗುರುಗಳು ಅವನತ್ತ ನೋಡದೆ ಮುಂದುವರಿಸಿದರು.

ಕಲ್ಲಿಕೋಟೆಯಲ್ಲಿ ಇಳಿದಾಗ ಜನ ಸುತ್ತುವರಿದು ಮೂಗಿನ ಮೇಲೆ ಬೆರಳಿಟ್ಟರು. “ಇದೆಂಥ ಹಕ್ಕಿ? ಯಾವ ದೇಶದ್ದು?” ಎಂದು ಅವರೇ ರೈತನನ್ನು ಕೇಳಿದರು. ಅಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿಯೊಬ್ಬ, “ನಿನಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ. ಇದು ಪೆರು. ಭೂಮಿಯ ಆ ಮಗ್ಗುಲಿನ ಪೆರು ದೇಶದ್ದು” ಎಂದು ಹೇಳಿ ತನ್ನ ದಾರಿ ಹಿಡಿದ. ರೈತ ತಲೆಯ ಮೇಲೆ ಕೈ ಹೊತ್ತು ಮರಳಿನಲ್ಲಿ ಕೂತ. ಇನ್ನೊಂದು ಸಾಗರ ದಾಟುವ ಶಕ್ತಿ ಅವನಲ್ಲಿರಲಿಲ್ಲ. ಸತ್ತವನಿಗೆ ಕೊಟ್ಟ ಮಾತು ಮಣ್ಣುಪಾಲಾಯಿತು ಎಂದು ಅತ್ತ.

ಅತ್ತು ಮುಗಿಸಿ ನೋಡಿದರೆ ಬುಟ್ಟಿ ಖಾಲಿ. ಹೇಂಟೆ ಒಬ್ಬ ಮುದುಕಿಯ ಹಿತ್ತಿಲಿಗೆ ನುಗ್ಗಿ, ಒಣಗಿದ ತೆಂಗಿನ ಗರಿಗಳ ಕೆಳಗೆ ಕುಳಿ ಕೆದರಿಕೊಂಡು ಕೂತಿತ್ತು. ಹುಂಜ ಪಕ್ಕದಲ್ಲಿ ಕಾವಲು ನಿಂತಿತ್ತು. ರೈತ ಎಬ್ಬಿಸಲು ಬಗ್ಗಿದ. ಮುದುಕಿ ಬಂದು ಅವನ ಕೈ ಹಿಡಿದಳು.

“ಕಾವಿಗೆ ಕೂತದ್ದನ್ನು ಯಾರಾದರೂ ಎಬ್ಬಿಸುತ್ತಾರೇನಪ್ಪಾ?”

“ಇದು ಅದರ ಊರಲ್ಲ ತಾಯಿ.”

“ಹಾಗಂತ ಅದು ನಿನಗೆ ಹೇಳಿತೇ?”

ರೈತ ಕೈ ಹಿಂದಕ್ಕೆಳೆದುಕೊಂಡ. ಹಡಗು ಅವನನ್ನು ಬಿಟ್ಟು ಹೊರಟುಹೋಯಿತು. ಅವನು ಹಿತ್ತಿಲಿನಲ್ಲೇ ಕಾದ. ಒಂದು ಬೆಳಿಗ್ಗೆ ಗರಿಗಳ ಕೆಳಗಿನಿಂದ ಮರಿಗಳು ಒಂದೊಂದಾಗಿ ಹೊರಗೆ ಬಂದವು. ಮುದುಕಿ ನುಚ್ಚು ಚೆಲ್ಲಿದಳು. ಮರಿಗಳು ಎಷ್ಟೋ ದಿನದ ಪರಿಚಯವೆಂಬಂತೆ ಅವಳ ಕಾಲಿಗೆ ಸುತ್ತಿಕೊಂಡವು. ರೈತ ನಗುತ್ತ ಕಣ್ಣೊರೆಸಿಕೊಂಡ. ವ್ಯಾಪಾರಿಗೆ ಕೊಟ್ಟ ಮಾತು ನಡೆಯಿತು ಎಂದು ಅವನಿಗೆ ಅಂದು ಅನ್ನಿಸಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದ. “ಹಾಗಾದರೆ ಅವು ನಿಜವಾಗಿ ಪೆರು ದೇಶದವೇ, ಗುರುಗಳೇ?” ಎಂದು ಕೇಳಿದ.

“ಅಲ್ಲಿಯವೂ ಅಲ್ಲವಂತೆ. ಅಲ್ಲಿಂದಲೂ ಬಹಳ ದೂರದ ಇನ್ನೊಂದು ಕಾಡಿನವಂತೆ. ಹೆಸರಿಟ್ಟವರೆಲ್ಲ ತಾವು ಕಾಣದ ಊರಿನ ಹೆಸರನ್ನೇ ಇಟ್ಟರು.”

“ಮತ್ತೆ ನನ್ನ ಊರು?”

ಗುರುಗಳು ಅಂಗಳದ ಮರಳಿನತ್ತ ನೋಡಿದರು. ಮಕ್ಕಳು ತಿದ್ದಿದ ‘ತ’ ಅಲ್ಲಿ ಸಾಲಾಗಿ, ಸೊಟ್ಟಸೊಟ್ಟಗೆ ಹಾಗೇ ಇತ್ತು.

“ನಾಳೆ ಬೆಳಿಗ್ಗೆ ಬರುವ ಮಕ್ಕಳು ನಿನ್ನ ಊರು ಯಾವುದೆಂದು ಕೇಳುತ್ತಾರೋ, ‘ತ’ ಆದ ಮೇಲೆ ಯಾವುದೆಂದು ಕೇಳುತ್ತಾರೋ?”

ಮರುಳಯ್ಯ ಗಂಟನ್ನು ಬಿಚ್ಚತೊಡಗಿದ.