ಕೂಗದೆ ಬಿಟ್ಟ ಮನೆಯ ಹೆಸರು

ಹಿರೇಹೊಳಿ ಮಠದ ಪೂಜ್ಯ ಶ್ರೀ ಶಾಂತಮಲ್ಲ ಶಿವಯೋಗಿಗಳಿಗೆ ದಾಸೋಹದ ಅಡುಗೆಮನೆಯೇ ಕೈಲಾಸ. ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಕಾಳನ್ನು ತಾವೇ ಕುಳಿತು ಹಸನು ಮಾಡುತ್ತಿದ್ದರು. ಅಲ್ಲೊಂದು ಪದ್ಧತಿ: ಉಣ್ಣುವ ಮೊದಲು ಪಂಕ್ತಿಯ ಮುಂದೆ ನಿಂತು, ಅಂದಿನ ಕಾಳು ಯಾರ ಮನೆಯದೆಂದು ಕೂಗಿ ಹೇಳಬೇಕು. ಹಿಡಿ ಜೋಳ ಕೊಟ್ಟವರ ಹೆಸರನ್ನೂ ಬಿಡುವಂತಿರಲಿಲ್ಲ.

ಮಠದ ವಸತಿನಿಲಯದಲ್ಲಿದ್ದು ಎಂ.ಎ. ಓದುತ್ತಿದ್ದ ದಾಕ್ಷಾಯಣಿ ಒಂದು ಮಧ್ಯಾಹ್ನ ಅಳುತ್ತ ಬಂದಳು. ಅವಳ ಪ್ರಬಂಧವನ್ನು ವಿಶ್ವವಿದ್ಯಾಲಯದ ಗುರುಗಳು ತಿರಸ್ಕರಿಸಿದ್ದರು. ಪುಟಗಟ್ಟಲೆ ಬರಹ ಬೇರೆ ವಿದ್ವಾಂಸರದು, ಮೇಲಿನ ಹೆಸರು ಮಾತ್ರ ಇವಳದು! ಉಂಡ ಮನೆಯ ಗಳ ಎಣಿಸುವವರುಂಟು. ಇವಳು ಉಂಡ ಮನೆಯನ್ನೇ ಮರೆಮಾಚಿದ್ದಳು. ಮತ್ತೆ ಬರೆದು ಒಪ್ಪಿಸದಿದ್ದರೆ ಪದವಿ ಕೈತಪ್ಪುತ್ತಿತ್ತು. ಆದರೂ ಸೊಕ್ಕು ಇಳಿದಿರಲಿಲ್ಲ.

"ಅಜ್ಜಾರ, ಜ್ಞಾನ ಎಲ್ಲಾರದಲ್ಲೇನ್ರಿ? ನಾಕು ಶಬ್ದ ಬದಲಿಸಿ ಕೊಟ್ರ ಆತು."

ಶಿವಯೋಗಿಗಳು ನಸುನಕ್ಕರು. ಕಾಳು ಕೊಟ್ಟವರ ಹೆಸರುಗಳನ್ನು ತಿಳಿಸಿ, "ಇವತ್ತು ಪಂಕ್ತಿ ಮುಂದ ನೀ ಕೂಗವಾ" ಎಂದಷ್ಟೇ ಅಪ್ಪಣೆ ಕೊಟ್ಟರು.

ಅವಳ ಚಿತ್ತವೆಲ್ಲ ಪ್ರಬಂಧದಲ್ಲೇ ಇತ್ತು. "ಇವತ್ತಿನ ಪ್ರಸಾದ ಮಠದ್ದು!" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮುಂದಿನ ಸಾಲಿನಲ್ಲಿದ್ದ ಮುದುಕಿ ಈರವ್ವ ರೊಟ್ಟಿ ಮುಟ್ಟದೆ ತಲೆ ತಗ್ಗಿಸಿದಳು. ಬಿತ್ತಲೆಂದು ಇಟ್ಟುಕೊಂಡಿದ್ದ ಜೋಳವನ್ನೇ ಮಠಕ್ಕೆ ಕೊಟ್ಟಿದ್ದ ಆಕೆ, ತನ್ನ ಮನೆಯ ಹೆಸರು ಕೇಳಲೆಂದೇ ಬಿಸಿಲಲ್ಲಿ ನಡೆದು ಬಂದಿದ್ದಳು. ಅಯ್ಯೋ ಶಿವನೇ! ಶಿವಯೋಗಿಗಳು ತಿಳಿಸಿದ ಹೆಸರುಗಳಲ್ಲಿ ಈರವ್ವನದೂ ಇತ್ತೆಂಬುದು ದಾಕ್ಷಾಯಣಿಗೆ ಆಗ ನೆನಪಾಯಿತು.

"ಜ್ವಾಳ ತಂದದ್ದು ತಪ್ಪಲ್ಲ ತಂಗಿ, ಮನಿ ಹೆಸರು ನುಂಗಿದ್ದು ತಪ್ಪು," ಎಂದರು ಶಿವಯೋಗಿಗಳು. "ಬುಟ್ಟಿ ಬದಲಿಸಿದ್ರ ಜ್ವಾಳ ನಿಂದಾಗತೈತೇನು? ಹೆಸರು ಹೇಳು. ರೊಟ್ಟಿ ನೀ ಬಡಿ."

ದಾಕ್ಷಾಯಣಿ ತಿರುಗಿ ನಿಂತು, ಒಂದೊಂದೇ ಮನೆಯ ಹೆಸರು ಹೇಳಿ ಕೊನೆಗೆ ಗಟ್ಟಿಯಾಗಿ ಕೂಗಿದಳು: "ಜ್ವಾಳ ಈರವ್ವನ ಮನೀದು!" ಮುದುಕಿ ಕಣ್ಣೊರೆಸಿಕೊಂಡು ರೊಟ್ಟಿ ಮುರಿದಳು.

ಅಂದೇ ದಾಕ್ಷಾಯಣಿ ಹಳೆಯ ಪ್ರಬಂಧವನ್ನು ಬದಿಗಿಟ್ಟು ಮೊದಲಿನಿಂದ ಬರೆಯತೊಡಗಿದಳು. ಯಾರ ಮಾತನ್ನು ಎಲ್ಲಿಂದ ಪಡೆದೆನೆಂದು ಅಲ್ಲಲ್ಲೇ ನಮೂದಿಸಿದಳು. ಆ ವಿದ್ವಾಂಸರು ಎಲ್ಲಿ ಎಡವಿದ್ದಾರೆಂದು ತನಗೆ ತೋರಿದ್ದನ್ನೂ ಅಂಜದೆ ಬರೆದಳು.

"ಇಷ್ಟು ಜನರ ಹೆಸರು ಹೇಳ್ತೀಯಲ್ಲ, ಇದರಲ್ಲಿ ನಿನ್ನದೇನಿದೆ?" ಎಂದು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೆಣಕಿದರು.

"ಜ್ವಾಳ ಅವರದು ಸರ್, ರೊಟ್ಟಿ ನಂದು!" ಎಂದವಳೇ, ತನ್ನ ವಾದವನ್ನು ಒಂದೊಂದಾಗಿ ಎತ್ತಿ ತೋರಿಸಿದಳು. ಅಂದು ತಿರಸ್ಕರಿಸಿದ್ದ ಗುರುಗಳೇ ಎದ್ದು ನಿಂತು "ಭೇಷ್!" ಎಂದರು.

ಪದವಿ ಪಡೆದ ದಿನ ಅವಳು ನೇರವಾಗಿ ಮಠದ ಪಂಕ್ತಿಯ ಮುಂದೆ ಬಂದು, ಪ್ರಬಂಧದ ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದಳು: "ಹೆಸರು ಹೇಳಲು ಕಲಿಸಿದ ಶಿವಯೋಗಿಗಳಿಗೂ ಈರವ್ವನಿಗೂ ಶರಣು." ಅಕ್ಷರ ಬಾರದ ಈರವ್ವ ತನ್ನ ಹೆಸರು ಕೇಳಿ ಎದ್ದು ನಿಂತಳು. ಪಂಕ್ತಿಗೆ ಪಂಕ್ತಿಯೇ "ಹರಹರ ಮಹಾದೇವ" ಎಂದಿತು.