ಬಾಯಿ ಮುಕ್ಕಳಿಸುವ ಮಜ್ಜಿಗೆ

“ಯಾರದೆಂದು ಗೊತ್ತಿಲ್ಲದೆ ಕೊಟ್ಟ ತೀರ್ಪು ತಾನಾಗಿಯೇ ನ್ಯಾಯವಾಗುತ್ತದೆ, ಅಲ್ಲವೇ ಗುರುಗಳೇ?” ಎಂದು ಶಿಷ್ಯ ರೇವಣಸಿದ್ಧ ಕೇಳಿದ.

ಮರುದಿನ ಮಠದಲ್ಲಿ ವಚನ ಹೇಳುವವರ ಪರೀಕ್ಷೆ ಇತ್ತು. ಗೆದ್ದವನನ್ನು ಶಾಖಾಮಠದ ಪಾಠಶಾಲೆಗೆ ಅಧ್ಯಾಪಕನನ್ನಾಗಿ ಕಳಿಸುವವರಿದ್ದರು. ಪರೀಕ್ಷಕ ರೇವಣಸಿದ್ಧನೇ. ಯಾರು ಯಾವ ವಚನ ಹೇಳಬೇಕೆಂದು ಗೊತ್ತುಮಾಡುವವನೂ ಅವನೇ. ಪರೀಕ್ಷೆಗೆ ಕೂರುವವರಲ್ಲಿ ವಿರೂಪಾಕ್ಷನೂ ಒಬ್ಬ. ಹಿಂದೊಮ್ಮೆ ದಾಸೋಹದ ಪಂಕ್ತಿಯಲ್ಲಿ ಈ ವಿರೂಪಾಕ್ಷ ರೇವಣಸಿದ್ಧನ ಮೂಗುದನಿಯನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅದು ಮಠಕ್ಕೆಲ್ಲ ಗೊತ್ತಿದ್ದ ಸಂಗತಿ. ಆದ್ದರಿಂದ ರೇವಣಸಿದ್ಧ ಒಂದು ಪರದೆ ಹೊಲಿಸಿದ್ದ. ವಚನ ಹೇಳುವವರು ಪರದೆಯ ಆಚೆ, ತಾನು ಈಚೆ. ಹೆಸರು ಹೇಳುವಂತಿಲ್ಲ, ಮುಖ ಕಾಣುವಂತಿಲ್ಲ. ಈ ಏರ್ಪಾಡನ್ನು ಗುರುಗಳು ಮೆಚ್ಚುತ್ತಾರೆ ಎಂದೇ ಅವನು ಬಂದಿದ್ದ.

ಗುರುಗಳು ಪಕ್ಕದ ಚಾಪೆ ತೋರಿಸಿದರು. “ಚುಟ್ಟಾ ಸೇದಿ ರುಚಿ ಹೇಳುವವನೊಬ್ಬನ ಕತೆ ಇದೆ. ಕೂತುಕೋ” ಎಂದರು.

“ಮಠದಲ್ಲಿ ಚುಟ್ಟಾದ ಕತೆಯೇ?” ಎಂದ ರೇವಣಸಿದ್ಧ.

“ನಾನು ಸೇದು ಅಂದೆನೇನಪ್ಪ? ಕೇಳು ಅಂದೆ.”

ಗುರುಗಳು ಹೇಳಿದ ಕತೆ ಇದು.

ಒಂದು ರೇವುಪಟ್ಟಣ. ಅಲ್ಲಿ ಹೊಗೆಸೊಪ್ಪಿನ ಎಲೆ ಸುತ್ತಿ ಚುಟ್ಟಾ ಮಾಡಿಸುವ ವರ್ತಕರು ಬಹಳ ಮಂದಿ. ಒಬ್ಬೊಬ್ಬರ ಚುಟ್ಟಾದ ಮೇಲೂ ಒಂದೊಂದು ಕಾಗದದ ಪಟ್ಟಿ. ಒಂದರ ಮೇಲೆ ಗಿಳಿ, ಒಂದರ ಮೇಲೆ ಲಂಗರು, ಇನ್ನೊಂದರ ಮೇಲೆ ವರ್ತಕನದೇ ಮೀಸೆ ಹೊತ್ತ ಮುಖ. ಜನ ಪಟ್ಟಿ ನೋಡಿ ಸೇದುತ್ತಿದ್ದರು, ಪಟ್ಟಿ ನೋಡಿಯೇ ಹೊಗಳುತ್ತಿದ್ದರು. ಇದು ಸರಿಯಲ್ಲ ಎಂದು ಕಂಡ ಹಿರಿಯರು ಒಂದು ಪದ್ಧತಿ ಮಾಡಿದರು. ಮಳೆಗಾಲ ಮುಗಿದು ಹಡಗು ಹೊರಡುವ ಮುಂಚೆ ಎಲ್ಲ ವರ್ತಕರೂ ತಮ್ಮ ತಮ್ಮ ಚುಟ್ಟಾ ತಂದು ಒಪ್ಪಿಸಬೇಕು. ಪಟ್ಟಿ ಕಿತ್ತುಹಾಕಿ, ಎರಡೂ ತುದಿ ಕತ್ತರಿಸಿ ಒಂದೇ ಅಳತೆಗೆ ತಂದು, ಎಲ್ಲಕ್ಕೂ ಒಂದೇ ಬಿಳಿ ದಾರ ಕಟ್ಟುತ್ತಿದ್ದರು. ಆಮೇಲೆ ರುಚಿಗಾರನ ಮುಂದೆ ಇಡುತ್ತಿದ್ದರು. ಅವನು ಮೇಲು ಎಂದದ್ದು ಹಡಗು ಹತ್ತುತ್ತಿತ್ತು. ಉಳಿದದ್ದು ಊರಿನ ಗೂಡಂಗಡಿ ಸೇರುತ್ತಿತ್ತು.

ರುಚಿ ನೋಡುವುದಕ್ಕೂ ಒಂದು ಕ್ರಮವಿತ್ತು. ರುಚಿಗಾರ ಮೊದಲು ಬರಿಬಾಯಿಯಲ್ಲಿ ಒಂದು ದಮ್ಮು ಎಳೆಯಬೇಕು. ಆಮೇಲೆ ಆ ಚುಟ್ಟಾಕ್ಕೆ ಯಾವ ಪಾನೀಯ ಜೊತೆಯಾಗುತ್ತದೆ ಎಂದು ಹೇಳಬೇಕು. ಅವನ ಪಕ್ಕದ ಮಣೆಯ ಮೇಲೆ ಬೆಲ್ಲದ ಕಾಫಿ, ಶುಂಠಿ ಕಷಾಯ, ನಿಂಬೆ ಪಾನಕ, ಎಳನೀರು ಎಲ್ಲ ಸಾಲಾಗಿ ಇರುತ್ತಿದ್ದವು. ಕಳ್ಳೂ ಇತ್ತು. ಮುಖ ಸಿಂಡರಿಸಬೇಡ, ಇದ್ದದ್ದನ್ನು ಇತ್ತು ಎನ್ನಬೇಕಲ್ಲ. ರುಚಿಗಾರ ಯಾವುದನ್ನು ಹೇಳುತ್ತಾನೋ ಅದನ್ನು ಸಭೆಯ ಹಿರಿಯರಿಗೂ ಹಂಚುತ್ತಿದ್ದರು. ಅವರೂ ಅದೇ ಕಟ್ಟಿನ ಚುಟ್ಟಾ ಸೇದಿ, ಅದೇ ಪಾನೀಯ ಗುಟುಕರಿಸಿ ತಲೆಯಾಡಿಸಿದರೆ ತೀರ್ಪು ಗಟ್ಟಿ. ಜೊತೆ ತಪ್ಪಿದರೆ ಒಳ್ಳೆಯ ಚುಟ್ಟಾ ಕಹಿಯಾಗುತ್ತದೆ. ಜೊತೆ ಕೂಡಿದರೆ ಸಾಧಾರಣದ್ದೂ ಮಾನ ಉಳಿಸಿಕೊಳ್ಳುತ್ತದೆ. ರುಚಿಗಾರನ ಕೈಯಲ್ಲಿದ್ದ ಅಧಿಕಾರ ಇದೇ. ಅದನ್ನು ಅಧಿಕಾರ ಎಂದು ಅಲ್ಲಿ ಯಾರೂ ಎಣಿಸಿರಲಿಲ್ಲ.

ಸಾಲಿನ ಕೊನೆಯಲ್ಲಿ ಉಪ್ಪು ಹಾಕಿದ ನೀರುಮಜ್ಜಿಗೆಯ ಗಡಿಗೆ ಒಂದಿರುತ್ತಿತ್ತು. ಅದು ಯಾವ ಚುಟ್ಟಾಕ್ಕೂ ಜೊತೆಯಲ್ಲ. ಒಂದು ಚುಟ್ಟಾ ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದಕ್ಕೆ ಇಟ್ಟದ್ದು.

ಹಳೆಯ ರುಚಿಗಾರ ತೀರಿಕೊಂಡ ವರ್ಷ ಹೊಸಬನನ್ನು ಕರೆಸಿದರು. ಹೊಸಬ ಎಂದರೆ ಹರೆಯದವನಲ್ಲ, ತಲೆ ನರೆತವನು. ಹಿಂದೆ ಅವನೂ ಅದೇ ಊರಿನ ಒಬ್ಬ ವರ್ತಕನೂ ಕೂಡಿ ಚುಟ್ಟಾ ಮಾಡಿಸುತ್ತಿದ್ದರು. ಎಲೆಯನ್ನು ತಾಳೆಬೆಲ್ಲದ ನೀರಿನಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಏಲಕ್ಕಿ ಸಿಪ್ಪೆಯ ಹೊಗೆ ಕೊಡುವ ಒಂದು ಹದವನ್ನು ಇಬ್ಬರೂ ಸೇರಿ ಕಂಡುಹಿಡಿದಿದ್ದರು. ಆಮೇಲೆ ಇವನಿಗೆ ವಿಷಮಜ್ವರ ಬಂದು ಹಾಸಿಗೆ ಹಿಡಿದ. ಏಳುವಷ್ಟರಲ್ಲಿ ವರ್ತಕ ಆ ಹದವನ್ನು ತನ್ನೊಬ್ಬನದೇ ಮಾಡಿಕೊಂಡಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. “ಪಾಪ, ಜ್ವರದಲ್ಲಿ ಅವನ ನಾಲಗೆ ಸತ್ತುಹೋಯಿತು” ಎಂದು ಊರೆಲ್ಲ ಹೇಳಿಕೊಂಡು ಬಂದ. ರುಚಿಯಿಂದಲೇ ಬದುಕುವವನಿಗೆ ಇದಕ್ಕಿಂತ ದೊಡ್ಡ ಏಟು ಬೇರೆ ಇಲ್ಲ. ಯಾರೂ ಅವನನ್ನು ಕರೆಯಲಿಲ್ಲ. ಅವನು ಬಂದರಿನ ಉಗ್ರಾಣದಲ್ಲಿ ಚೀಲ ಹೊಲಿಯುತ್ತ ವರ್ಷಗಳನ್ನು ಕಳೆದ. ಬೇರೆ ಯಾರೂ ಸಿಗದೆ ಹೋದಾಗ ಮಾತ್ರ ಹಿರಿಯರು ಅವನ ಮನೆಗೆ ಬಂದರು. ಆಗಲೂ ಅರ್ಧ ಅನುಮಾನದಿಂದಲೇ ಬಂದರು.

ಆ ವರ್ತಕನ ಗತಿಯೂ ಅಷ್ಟು ಸುಖವಾಗಿರಲಿಲ್ಲ. ಅವನ ಚುಟ್ಟಾ ಎರಡು ವರ್ಷ ಹಡಗು ಹತ್ತಿರಲಿಲ್ಲ. ಚುಟ್ಟಾ ಸುತ್ತುವ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ಈ ಸಲವೂ ತಪ್ಪಿದರೆ ಅವನು ಬಾಗಿಲು ಹಾಕಬೇಕಾಗಿತ್ತು. ಪೀಠದ ಮೇಲೆ ಕೂತ ರುಚಿಗಾರ ಯಾರೆಂದು ಕಂಡೊಡನೆ ಅವನು ಹಿಂದಕ್ಕೆ ಸರಿದ. ದಾರ ಒಂದೇ, ಅಳತೆ ಒಂದೇ, ಗುರುತು ಸಿಗಲಾರದು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಮೂಲೆಯಲ್ಲಿ ಕೂತ.

ಪರೀಕ್ಷೆ ಶುರುವಾಯಿತು. ರುಚಿಗಾರ ಕಣ್ಣು ಮುಚ್ಚಿ ಸೇದಿದ. ಒಂದಕ್ಕೆ, “ಎಲೆ ಹಸಿಯಿದೆ. ಆರಿಸಲು ಪುರುಸೊತ್ತಿರಲಿಲ್ಲ. ಶುಂಠಿ ಕಷಾಯ ಕೊಡಿ, ಕೆಮ್ಮಿಗೂ ಆಗುತ್ತದೆ” ಎಂದ. ಇನ್ನೊಂದಕ್ಕೆ, “ಸುತ್ತಿದವರ ಕೈ ಚೆನ್ನಾಗಿದೆ. ಎಲೆ ಕೊಂಡವರ ಬುದ್ಧಿ ಚೆನ್ನಾಗಿಲ್ಲ. ಪಾನಕ ಕೊಡಿ” ಎಂದ. ಸಭೆ ನಕ್ಕಿತು. ಹಿರಿಯರು ಸೇದಿದರು, ಕುಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಅವನು ಹೇಳಿದಂತೆಯೇ ಇತ್ತು. ಸತ್ತಿದೆ ಎಂದುಕೊಂಡಿದ್ದ ನಾಲಗೆ ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಿತ್ತು. ಎಂಥ ನಾಲಗೆ ಅದು! ಅಂಥದನ್ನು ಚೀಲ ಹೊಲಿಯಲು ಬಿಟ್ಟ ಊರಿಗೆ ಏನೆನ್ನಬೇಕು?

ಆಮೇಲೆ ಒಂದು ಕಪ್ಪನೆಯ ಚುಟ್ಟಾ ಅವನ ಕೈಗೆ ಬಂತು. ಒಂದು ದಮ್ಮು ಎಳೆದ. ಹೊಗೆ ಬಿಡಲಿಲ್ಲ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ತಾಳೆಬೆಲ್ಲ, ಏಲಕ್ಕಿ ಸಿಪ್ಪೆ, ನೆರಳಲ್ಲಿ ಆರಿದ ಎಲೆ. ಅದು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಟ್ಟಿ ಕಿತ್ತಿದ್ದರು, ತುದಿ ಕತ್ತರಿಸಿದ್ದರು, ಆದರೆ ತನ್ನ ಕೈಯಿಂದಲೇ ಹುಟ್ಟಿದ ಹದವನ್ನು ಅವನಿಂದ ಮುಚ್ಚಿಡುವುದು ಹೇಗೆ?

ಈಗ ನೋಡು ರೇವಣಸಿದ್ಧ, ಅವನಿಗೆ ಸೇಡು ತೀರಿಸಿಕೊಳ್ಳುವುದು ಎಷ್ಟು ಸುಲಭವಾಗಿತ್ತು ಎಂದು. ಸುಳ್ಳು ಹೇಳಬೇಕಾಗಿರಲಿಲ್ಲ. ಕಪ್ಪು ಚುಟ್ಟಾಕ್ಕೆ ಬೆಲ್ಲದ ಕಾಫಿ ಎಂಬುದು ಆ ಊರಿನ ವಾಡಿಕೆ. ಹಳೆಯ ರುಚಿಗಾರನೂ ಮುಪ್ಪಿನಲ್ಲಿ, ಕೊನೆಯ ಎರಡು ವರ್ಷ, ವಾಡಿಕೆಯನ್ನೇ ಹೇಳಿಬಿಟ್ಟಿದ್ದ. ಮೂಲೆಯಲ್ಲಿ ಕೂತ ವರ್ತಕನೂ ಕಾಫಿಯೇ ಬರಲಿ ಎಂದು ಬೇಡಿಕೊಳ್ಳುತ್ತಿದ್ದ. ಆದರೆ ಆ ಹದದಲ್ಲಿ ಮೊದಲೇ ಬೆಲ್ಲವಿತ್ತು. ಅದರ ಮೇಲೆ ಬೆಲ್ಲದ ಕಾಫಿ ಬಿದ್ದರೆ ಬಾಯೆಲ್ಲ ಸುಟ್ಟ ಕಹಿ. ಎರಡು ವರ್ಷ ಆ ಚುಟ್ಟಾ ಸೋತದ್ದು ಅದರಿಂದಲೇ. ಮಾಡಿಸಿದವನಿಗೇ ಅದು ಗೊತ್ತಿರಲಿಲ್ಲ. ರುಚಿಗಾರ “ಕಾಫಿ” ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಶತ್ರು ಮುಳುಗುತ್ತಿದ್ದ. ವಾಡಿಕೆ ಪಾಲಿಸಿದ ಎಂದು ಊರು ಇವನನ್ನೇ ಮೆಚ್ಚುತ್ತಿತ್ತು.

ರುಚಿಗಾರ ಕಣ್ಣು ತೆರೆದ. “ಇದಕ್ಕೆ ಮಜ್ಜಿಗೆ ಕೊಡಿ” ಎಂದ.

ಸಭೆಯಲ್ಲಿ ಗುಸುಗುಸು ಎದ್ದಿತು. “ಯಾವ ಮಜ್ಜಿಗೆ?” ಎಂದು ಹಿರಿಯರೊಬ್ಬರು ಕೇಳಿದರು. “ಆ ಗಡಿಗೆಯದೇ” ಎಂದ. ಯಾರೋ ಹಿಂದಿನಿಂದ, “ನಾಲಗೆ ಸತ್ತಿದೆ ಅಂದದ್ದು ಸುಳ್ಳಲ್ಲ” ಎಂದರು. ಜನ ಗೊಳ್ಳೆಂದು ನಕ್ಕರು. ಆ ನಗೆ ಅವನಿಗೂ ಕೇಳಿಸಿತು. ಅಷ್ಟು ವರ್ಷಗಳ ಮೇಲೆ ಮರಳಿ ಬಂದಿದ್ದ ಮಾನ ಆ ಒಂದು ಗಡಿಗೆಯ ಮೇಲೆ ನಿಂತಿತ್ತು. ಹಿರಿಯರು ಒಪ್ಪದಿದ್ದರೆ ಅವನು ಮತ್ತೆ ಉಗ್ರಾಣಕ್ಕೇ ಹೋಗಬೇಕಿತ್ತು. ಇಷ್ಟಾದರೂ ಅವನು ಮಾತು ಬದಲಿಸಲಿಲ್ಲ.

ಮೂಲೆಯಲ್ಲಿದ್ದ ವರ್ತಕ, ಗುರುತು ಹಿಡಿದೇಬಿಟ್ಟ, ಉಗುಳುವ ನೀರು ಕೊಟ್ಟು ಎಲ್ಲರೆದುರು ಮಣ್ಣುಪಾಲು ಮಾಡಿದ ಎಂದುಕೊಂಡ. ಎದ್ದು ಕೂಗಬೇಕೆನಿಸಿತು. ಕೂಗಿದರೆ ಆ ಚುಟ್ಟಾ ತನ್ನದೆಂದು ತಾನೇ ಹೇಳಿದಂತಾಗುತ್ತದೆ. ಪದ್ಧತಿಯಂತೆ ಹೆಸರು ಬಿಟ್ಟುಕೊಟ್ಟವನ ಚುಟ್ಟಾವನ್ನು ಹೊರಗಿಡುತ್ತಿದ್ದರು. ಹಲ್ಲು ಕಚ್ಚಿಕೊಂಡು ಕೂತ.

ಹಿರಿಯರು ಮನಸ್ಸಿಲ್ಲದ ಮನಸ್ಸಿನಿಂದ ಸೇದಿದರು. ಮಜ್ಜಿಗೆ ಗುಟುಕರಿಸಿದರು. ನಗು ನಿಂತಿತು. ಉಪ್ಪು ಬೆಲ್ಲವನ್ನು ಎಬ್ಬಿಸಿತ್ತು. ಹುಳಿ ಹೊಗೆಯ ಖಾರವನ್ನು ತಗ್ಗಿಸಿತ್ತು. ಏಲಕ್ಕಿಯ ಪರಿಮಳ ಕೊನೆಯಲ್ಲಿ ಒಂದೇ ಎಳೆಯಾಗಿ ಉಳಿಯಿತು. ಹಿರಿಯರಲ್ಲಿ ಎಲ್ಲರಿಗಿಂತ ಮುದುಕರಾದವರು ಇನ್ನೊಂದು ಲೋಟ ಕೇಳಿದರು. ಉಳಿದವರೂ ಕೇಳಿದರು. ಗಡಿಗೆ ಬರಿದಾಯಿತು. ಬಾಯಿ ಮುಕ್ಕಳಿಸಲು ಆಮೇಲೆ ಬಾವಿಯ ನೀರೇ ಗತಿಯಾಯಿತು. ವರ್ತಕನಿಗೂ ಒಂದು ತುಂಡು ಚುಟ್ಟಾ, ಒಂದು ಗುಟುಕು ಮಜ್ಜಿಗೆ ಸಿಕ್ಕಿತು. ಜೀವಮಾನವೆಲ್ಲ ತಾನು ಮಾರಿದ ಚುಟ್ಟಾದ ರುಚಿ ಏನೆಂದು ಅವನಿಗೆ ಅಂದು ಮೊದಲ ಸಲ ತಿಳಿಯಿತು.

“ಈ ಸಾಲಿನಲ್ಲಿ ಇದರ ಮುಂದೆ ನಿಲ್ಲುವುದು ಇನ್ನೊಂದಿಲ್ಲ” ಎಂದು ರುಚಿಗಾರ ತೀರ್ಪು ಹೇಳಿದ. ಹಿರಿಯರು ತಲೆಯಾಡಿಸಿದರು. ಚುಟ್ಟಾ ಯಾರದೆಂದು ಬಯಲಾದಾಗ ಊರು ಬೆರಗಾಯಿತು. ಹೆಸರು ಮುಚ್ಚಿಡುವ ಪದ್ಧತಿ ಎಷ್ಟು ದೊಡ್ಡದು, ಗೊತ್ತಿದ್ದರೆ ಇವನು ಹೀಗೆ ಹೇಳುತ್ತಿದ್ದನೇ ಎಂದು ಜನ ಮಾತಾಡಿಕೊಂಡರು. ಅವರ ಮೆಚ್ಚುಗೆಯೆಲ್ಲ ಬಿಳಿ ದಾರಕ್ಕೆ ಹೋಯಿತು.

ವರ್ತಕ ಮಾತ್ರ ಮರುಳಾಗಲಿಲ್ಲ. ಆ ಹದದಲ್ಲಿ ಬೆಲ್ಲವಿದೆ ಎಂದು ಗೊತ್ತಿಲ್ಲದವನ ಬಾಯಲ್ಲಿ ಮಜ್ಜಿಗೆ ಎಂಬ ಮಾತು ಬರಲಾರದು. ಸಭೆ ಮುಗಿದ ಮೇಲೆ ಅವನು ಬಾವಿಕಟ್ಟೆಯ ಹತ್ತಿರ ಹೋದ. ರುಚಿಗಾರ ಅಲ್ಲಿ ಬಾಯಿ ತೊಳೆಯುತ್ತಿದ್ದ.

“ನಂದೇ ಅಂತ ನಿಂಗೆ ಗೊತ್ತಿತ್ತು” ಎಂದ ವರ್ತಕ.

“ಮೊದಲನೇ ದಮ್ಮಿಗೇ ಗೊತ್ತಾಯ್ತು.”

“ಮತ್ತೆ ಯಾಕೆ ಹೀಗೆ ಮಾಡ್ದೆ? ಕಾಫಿ ಅಂದಿದ್ರೆ ಇವತ್ತಿಗೆ ನಾನು ಮುಗೀತಿದ್ದೆ.”

“ನಂಗೆ ಮೋಸ ಮಾಡಿದ್ದು ನೀನು. ಚುಟ್ಟಾ ಏನು ಮಾಡಿತ್ತು?”

ವರ್ತಕನ ಕಣ್ಣಲ್ಲಿ ನೀರು ಬಂತು. “ಹಾಗಾದ್ರೆ ಸಿಟ್ಟು ಹೋಯ್ತು ಅನ್ನು” ಎಂದು ಅವನ ಕೈ ಹಿಡಿಯಲು ಹೋದ. ರುಚಿಗಾರ ಕೈ ಹಿಂದಕ್ಕೆಳೆದುಕೊಂಡ.

“ಎಲ್ಲಿ ಹೋಗುತ್ತೆ? ಅಲ್ಲೇ ಇದೆ. ನಾಳೆ ದಾರೀಲಿ ಸಿಕ್ಕಿದ್ರೆ ನಿನ್ನ ಮಾತಾಡಿಸೋದಿಲ್ಲ ನಾನು” ಎಂದು ಹೇಳಿ, ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡು ಹೊರಟುಹೋದ. ಹೇಳಿದಂತೆಯೇ ನಡೆದುಕೊಂಡ. ಬದುಕಿದ್ದಷ್ಟು ಕಾಲವೂ ಆ ವರ್ತಕ ಎದುರು ಬಂದರೆ ಅವನು ಬೀದಿಯ ಆಚೆ ಬದಿಗೆ ಹೋಗುತ್ತಿದ್ದ. ವರ್ಷ ವರ್ಷವೂ ಆ ಕಪ್ಪು ಚುಟ್ಟಾ ಕೈಗೆ ಬಂದಾಗ ಮಜ್ಜಿಗೆಯನ್ನೇ ಕೇಳುತ್ತಿದ್ದ. ಒಂದು ವರ್ಷ ಎಲೆ ಕೆಟ್ಟಿತ್ತು. ಆಗಲೂ ಮಜ್ಜಿಗೆ ಕೇಳಿ, ಸೇದಿ, “ಈ ಸಲ ಇದು ಹಡಗಿಗಲ್ಲ” ಎಂದ. ಆ ತೀರ್ಪಿಗೆ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಆ ವರ್ತಕನೇ.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖದಲ್ಲಿ ಸಂತೋಷವಿತ್ತು. “ಸಿಟ್ಟು ಬಿಟ್ಟವರನ್ನು ನಾನು ನೋಡಿದ್ದೇನೆ. ಅವರಿಗೆ ಕೈಮುಗಿಯುತ್ತೇನೆ. ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅದರ ಕೈಗೆ ಲೋಟ ಕೊಡದ ಈ ಮನುಷ್ಯನಿಗೆ ಮಾತ್ರ ಇನ್ನೂ ಸ್ವಲ್ಪ ಹೆಚ್ಚು ಬಗ್ಗುತ್ತೇನೆ” ಎಂದರು.

ರೇವಣಸಿದ್ಧ ತಲೆದೂಗಿದ. “ದೊಡ್ಡ ಮನುಷ್ಯ, ಗುರುಗಳೇ” ಎಂದ. “ಹಾಗಾದರೆ ಪರದೆ ಬೇಡವೇ?” ಎಂದು ಕೇಳಿದ.

“ಕಟ್ಟಿಸು. ಆದರೆ ಪರದೆಯ ಆಚೆಯಿಂದ ವಿರೂಪಾಕ್ಷ ಕೆಮ್ಮಿದ್ದು ಕೇಳಿಸಿದ ಮೇಲೆ ಯಾವ ವಚನ ಹೇಳು ಎನ್ನುತ್ತೀ?” ಎಂದರು ಗುರುಗಳು.